ನೋಯದ ಜಾಗ

14 ನವೆಂಬರ್ 2024, ಗುರುವಾರ. ಹುಬ್ಬಳ್ಳಿ

ತಮ್ಮನ ಹೊಟ್ಟೆಯ ಬಲಗಡೆ, ಹೊಕ್ಕುಳಿಗಿಂತ ತುಸು ಕೆಳಗೆ, ಕರುಳಿನ ಒಂದು ಸುತ್ತು ಹೊರಗೆ ಬಂದು ಕೂತಿದೆ. ಇವತ್ತು ಸಿಸ್ಟರ್ ಚೀಲ ತೆಗೆದು ತೋರಿಸಿದರು. ಮೊದಲ ನೋಟಕ್ಕೆ ಎದೆ ಝಲ್ಲೆಂದಿತು. ಕೆಂಪಗೆ, ಒದ್ದೆಯಾಗಿ ಹೊಳೆಯುತ್ತಿತ್ತು. ಆಪರೇಷನ್ನಿನ ಬಾವು ಇನ್ನೂ ಇಳಿದಿಲ್ಲ. ನೋಡುತ್ತಿದ್ದಂತೆ ತಾನಾಗಿ ಕುಗ್ಗಿತು, ಮತ್ತೆ ಹಿಗ್ಗಿತು. "ಹೆದರಬ್ಯಾಡ್ರಿ ಟೀಚರ್, ಒಳಗಿದ್ದಾಗೂ ಕರುಳು ಹಂಗ ಮಾಡತೈತಿ. ನಮಗ ಕಾಣೂದಿಲ್ಲ, ಅಷ್ಟ" ಎಂದರು ಸಿಸ್ಟರ್.

ಟೈಫಾಯ್ಡ್ ಮೂರನೇ ವಾರಕ್ಕೆ ಕಾಲಿಟ್ಟಾಗ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹುಣ್ಣಾಗಿ, ಕೆಲವರಿಗೆ ಅಲ್ಲಿ ತೂತು ಬೀಳುತ್ತದೆ. ಇವನಿಗೂ ಹಾಗೇ ಆಯಿತು. ದೀಪಾವಳಿಗೆ ಮೊದಲೇ ಹಿಡಿದ ಜ್ವರ ಬಿಡಲೇ ಇಲ್ಲ. ಕಡೆಗೆ ಹೊಟ್ಟೆ ಮುಟ್ಟಗೊಡದಷ್ಟು ಬಿಗಿಯಾಯಿತು. ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ಗಾಳಿ ಕಂಡ ತಕ್ಷಣ ಆಪರೇಷನ್ ಎಂದರು. ಕೆಟ್ಟ ತುಂಡು ತೆಗೆದು ಕೂಡಿಸಿದ್ದಾರೆ. ಆ ಹೊಲಿಗೆ ಮಾಯುವ ತನಕ ಮಲ ಅತ್ತ ಹೋಗಬಾರದು ಎಂದು ಅದಕ್ಕೂ ಮೇಲಿನ ಕರುಳನ್ನು ಹೊರಗೆ ತಂದಿದ್ದಾರೆ. ಇದಕ್ಕೆ ಸ್ಟೋಮಾ ಅನ್ನುತ್ತಾರೆ, ಸಣ್ಣ ಕರುಳಿನದ್ದಾದರೆ ಇಲಿಯೋಸ್ಟಮಿ. ಎರಡು-ಮೂರು ತಿಂಗಳಾದ ಮೇಲೆ ಮತ್ತೆ ಒಳಗೆ ಸೇರಿಸುತ್ತಾರೆ.

ಸಿಸ್ಟರ್ ಹತ್ತಿಯಿಂದ ಒರೆಸುವಾಗ ಒಂದೆರಡು ಹನಿ ರಕ್ತ ಬಂತು. ತಮ್ಮ ಮುಖ ಗೋಡೆಯ ಕಡೆ ತಿರುಗಿಸಿ ಮಲಗಿದ್ದ, ಅವನಿಗೆ ಗೊತ್ತೇ ಆಗಲಿಲ್ಲ. ಕರುಳಿನ ಆ ಒಳಪದರದಲ್ಲಿ ಮುಟ್ಟಿದ್ದು, ಕೊಯ್ದದ್ದು ತಿಳಿಸುವ ನರ ಇಲ್ಲವಂತೆ. ರಕ್ತನಾಳಗಳು ಮಾತ್ರ ತೀರ ಮೇಲೇ ಇರುವುದರಿಂದ ಒರೆಸಿದರೆ ಒಸರುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ. ಸಿಸ್ಟರ್ ಹೇಳಿದ ಮಾತನ್ನು ಹಾಗೇ ಬರೆದಿಟ್ಟುಕೊಳ್ಳುತ್ತೇನೆ: "ಇದಕ್ಕ ನೋವು ತಿಳಿಯೂದಿಲ್ಲ. ಏನರ ಆದ್ರ ಅವರು ನಿಮಗ ಹೇಳೂದಿಲ್ಲ. ನೀವ ನೋಡಬೇಕು."

ನಮ್ಮ ಮನೆಯಲ್ಲಿ ಬೇನೆ ಅಂದರೆ ಯಾರಾದರೂ ನರಳಿದ ಮೇಲೆ ಗೊತ್ತಾಗುವಂಥದ್ದು. ನರಳದ ಬೇನೆಯನ್ನು ಕಾಯುವುದು ನಮಗೆ ಹೊಸದು.

16 ನವೆಂಬರ್, ಶನಿವಾರ. ಹುಬ್ಬಳ್ಳಿ

ಬೆಳಗ್ಗೆ ಬಣ್ಣ ಬದಲಾಗಿತ್ತು. ನಿನ್ನೆಯ ಕೆಂಪು ಇಲ್ಲ. ತುದಿಯಲ್ಲಿ ಒಂದು ಕಡೆ ನೇರಳೆ, ಅಂಚಿಗೆ ಕಂದು. ಪಾರದರ್ಶಕ ಚೀಲ ಹಾಕಿರುವುದು ಇದಕ್ಕೇ, ತೆಗೆಯದೇ ನೋಡಲಿಕ್ಕೆ. ನಾನು ಓಡಿಹೋಗಿ ಕರೆದೆ. ತಮ್ಮ ಆರಾಮಾಗಿ ಚಾ ಕೇಳುತ್ತಿದ್ದ. ಅವನ ಆರಾಮೇ ನನಗೆ ಹೆಚ್ಚು ಭಯ ತಂದಿತು.

ಡಾಕ್ಟರು ಬಂದು ಗಾಜಿನ ಪ್ರನಾಳ ತರಿಸಿದರು. ನಮ್ಮ ಸಾಲಿಯ ವಿಜ್ಞಾನದ ಪೆಟ್ಟಿಗೆಯಲ್ಲಿ ಇರುವಂಥದ್ದೇ, ಆದರೆ ಕ್ರಿಮಿಶುದ್ಧ ಮಾಡಿದ್ದು. ಜೆಲ್ ಸವರಿ ಮೆಲ್ಲಗೆ ಸ್ಟೋಮಾದೊಳಗೆ ಇಳಿಸಿ, ಮೇಲಿನಿಂದ ಟಾರ್ಚ್ ಬಿಟ್ಟು ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಮೇಲೆ ಒಂದಿಷ್ಟು ಜಾಗ ಕಪ್ಪಡರಿದೆ, ಒಳಗೆ ಗುಲಾಬಿ ಕೆಂಪು. ರಕ್ತ ಹರಿಯುವುದು ತುದಿಗೆ ಮಾತ್ರ ಕಡಿಮೆಯಾಗಿದ್ದರೆ ಆ ಪದರ ತಾನೇ ಉದುರಿ ಹೊಸದು ಬರುತ್ತದೆ. ಕಪ್ಪು ಹೊಟ್ಟೆಯ ಗೋಡೆಯನ್ನು ದಾಟಿ ಒಳಗೆ ಇಳಿದಿದ್ದರೆ ಅದೇ ದಿನ ಮತ್ತೆ ಆಪರೇಷನ್. ಒಂದು ಗಾಜಿನ ಕೊಳವೆ, ಒಂದು ಟಾರ್ಚ್. ಇಷ್ಟರಲ್ಲಿ ತೀರ್ಮಾನವಾಗುತ್ತದೆ ಎಂಬುದು ಇಪ್ಪತ್ತು ವರ್ಷ ವಿಜ್ಞಾನ ಹೇಳಿಕೊಟ್ಟ ನನಗೆ ಗೊತ್ತಿರಲಿಲ್ಲ.

ಸಂಜೆ ತನಕ ತಾಸಿಗೊಮ್ಮೆ ನೋಡುತ್ತ ಕೂತೆ. ಹೆಚ್ಚಾಗಲಿಲ್ಲ.

19 ನವೆಂಬರ್, ಮಂಗಳವಾರ

ಕರುಳು ಒಳಗೆ ಜಾರದಂತೆ ಸುತ್ತಿನ ಅಡಿಗೆ ಕೊಟ್ಟಿದ್ದ ಪ್ಲಾಸ್ಟಿಕ್ ಕಡ್ಡಿ ತೆಗೆದರು. ತುದಿಯ ಕಂದು ಪದರ ಸಿಪ್ಪೆ ಸುಲಿದು ಅಡಿಯಲ್ಲಿ ಕೆಂಪು ಕಾಣುತ್ತಿದೆ. ಈಗ ಸರಿಯಾಗಿ ನೋಡಿದರೆ ಬಾಯಿ ಎರಡು. ಮೇಲಿನದು ಉಬ್ಬಿಕೊಂಡಿದೆ, ಅದರಿಂದ ಮಲ ಬರುತ್ತದೆ. ಕೆಳಗಿನದು ಚಿಕ್ಕದು, ಬರೀ ಲೋಳೆ.

ಪಕ್ಕದ ಕಾಟಿನಲ್ಲಿ ಕುಂದಗೋಳ ಕಡೆಯ ಅಜ್ಜ. ಅವರದು ದೊಡ್ಡ ಕರುಳಿನ ಸ್ಟೋಮಾ, ಎಡಗಡೆ. ಚರ್ಮಕ್ಕೆ ಹೆಚ್ಚುಕಡಿಮೆ ಸಮ, ಚೀಲದಲ್ಲಿ ಬರುವುದೂ ಗಟ್ಟಿ. ತಮ್ಮನದು ಬೆರಳಿನ ಒಂದು ಗೆಣ್ಣಿನಷ್ಟು ಹೊರಗೆ ಚಾಚಿದೆ. ಯಾಕೆ ಹೀಗೆ ಎಂದು ಕೇಳಿದೆ. ಸಣ್ಣ ಕರುಳಿನ ನೀರಿನಲ್ಲಿ ಅನ್ನ ಅರಗಿಸುವ ರಸ ಹಾಗೇ ಇರುತ್ತದೆ, ಚರ್ಮಕ್ಕೆ ತಾಗಿದರೆ ಚರ್ಮವನ್ನೂ ಅರಗಿಸುತ್ತದೆ. ಅದಕ್ಕೆ ಚಾಚಿರಬೇಕು, ನೇರವಾಗಿ ಚೀಲದೊಳಗೆ ಬೀಳಬೇಕು. ಮೊದಲೆಲ್ಲ ಕರುಳನ್ನು ಹೊರಗೆ ತಂದು ಹಾಗೇ ಬಿಡುತ್ತಿದ್ದರಂತೆ; ಹೊರಮೈ ಉರಿದು ಬಾತು ದಾರಿಯೇ ಕಟ್ಟಿಕೊಳ್ಳುತ್ತಿತ್ತು. ಇಂಗ್ಲೆಂಡಿನ ಬ್ರಯಾನ್ ಬ್ರೂಕ್ ಎಂಬ ಸರ್ಜನ್ 1952ರಲ್ಲಿ ಅಂಗಿಯ ತೋಳು ಮಡಚಿದ ಹಾಗೆ ಕರುಳಿನ ತುದಿಯನ್ನು ಒಳಮೈ ಹೊರಗೆ ಬರುವಂತೆ ಮಗುಚಿ ಚರ್ಮಕ್ಕೆ ಹೊಲಿಯುವ ಕ್ರಮ ಬರೆದಿಟ್ಟರು. ನಾವು ನೋಡುತ್ತಿರುವ ಕೆಂಪು ಕರುಳಿನ ಒಳಮೈ. ಒದ್ದೆಯಾಗಿ ಹೊಳೆಯುವುದು ಅದರ ಸಹಜ ಗುಣ.

ಅಳತೆ ಹಲಗೆ ಕೊಟ್ಟಿದ್ದಾರೆ, ಒಂದಕ್ಕಿಂತ ಒಂದು ದೊಡ್ಡ ತೂತುಗಳಿರುವ ಕಾರ್ಡು. ಇವತ್ತು 38 ಮಿ.ಮೀ. ಹೊಟ್ಟೆಗೆ ಅಂಟಿಸುವ ಪ್ಲೇಟಿನ ತೂತು ಸ್ಟೋಮಾಕ್ಕಿಂತ 2-3 ಮಿ.ಮೀ. ಮಾತ್ರ ದೊಡ್ಡದಿರಬೇಕು. ಬಿಗಿಯಾದರೆ ಕರುಳು ಕೊಯ್ಯುತ್ತದೆ, ಸಡಿಲಾದರೆ ಚರ್ಮ ಸುಡುತ್ತದೆ.

24 ನವೆಂಬರ್, ರವಿವಾರ. ಊರು

ಮನೆಗೆ ಬಂದೆವು. ಅವ್ವ ಬಾಗಿಲಲ್ಲೇ ದೃಷ್ಟಿ ತೆಗೆದಳು. ತಮ್ಮನ ಹೆಂಡತಿ ಬಾಣಂತನಕ್ಕೆ ಕಲಘಟಗಿ ಕಡೆಯ ತವರಿಗೆ ಹೋಗಿದ್ದಾಳೆ, ಈಗಲೋ ಆಗಲೋ ಎನ್ನುವ ಹಾಗಿದೆ. ಹೀಗಾಗಿ ಈ ಕೆಲಸ ನನ್ನದು. ನನ್ನ ಮನೆ ಇದೇ ಓಣಿಯಲ್ಲಿದೆ. ಬೆಳಗ್ಗೆ ಅವನು ಏನೂ ತಿನ್ನುವ ಮೊದಲೇ ಬಂದು ಚೀಲ ಬದಲಿಸಿ ಸಾಲಿಗೆ ಹೋಗಬಹುದು. ಖಾಲಿ ಹೊಟ್ಟೆಯಲ್ಲಿ ಹರಿಯುವುದು ಕಡಿಮೆ.

ಊರಿಗೆ ಬಂದ ಮೇಲೆ ಒಂದು ವಿಚಾರ ತಿಳಿಯಿತು: ನಮ್ಮ ಮನೆಯಲ್ಲಿ ಬಣ್ಣ ನೋಡುವಷ್ಟು ಬೆಳಕಿಲ್ಲ. ನವಲಗುಂದ ಸೀಮೆಯ ಹಳೆಯ ಮಾಳಿಗೆ ಮನೆ. ದಪ್ಪ ಮಣ್ಣಿನ ಗೋಡೆ, ಒಂದು ಬೆಳಕಿಂಡಿ, ಹಳದಿ ಬಲ್ಬು. ಬಲ್ಬಿನಡಿ ಕೆಂಪೂ ಕಂದೂ ಒಂದೇ. ಎಲ್‌ಇಡಿ ಟಾರ್ಚ್ ಬಿಟ್ಟರೆ ಎಲ್ಲವೂ ಬೆಳ್ಳಗೆ. ಕಡೆಗೆ ಪಡಸಾಲೆಯಲ್ಲಿ, ಬೆಳಕಿಂಡಿಯ ಕೆಳಗೆ ಹೊರಸು ಹಾಕಿದೆವು. ಬೆಳಗ್ಗೆ ಎಂಟರ ಸುಮಾರಿಗೆ ಅಲ್ಲಿ ಹಗಲ ಬೆಳಕು ನೇರವಾಗಿ ಬೀಳುತ್ತದೆ. ಅಲ್ಲೇ, ಅದೇ ಹೊತ್ತಿಗೆ, ಪಕ್ಕದಲ್ಲಿ ಅಳತೆ ಕಾರ್ಡು ಇಟ್ಟು ಮೊಬೈಲಿನಲ್ಲಿ ಫೋಟೊ. ನಿನ್ನೆಯದರ ಪಕ್ಕ ಇಟ್ಟು ನೋಡಿದರೆ ಇವತ್ತಿನದು ಏನು ಹೇಳುತ್ತದೆ ಎಂದು ತಿಳಿಯುತ್ತದೆ.

ಸಿಸ್ಟರ್ ಹೇಳಿದ ಇನ್ನೊಂದು ಪರೀಕ್ಷೆ: ಅವನ ಕೆಳತುಟಿ ಮಗುಚಿ ಒಳಬದಿ ನೋಡುವುದು. ಅಲ್ಲಿನ ಬಣ್ಣವೂ ಸ್ಟೋಮಾದ ಬಣ್ಣವೂ ಹತ್ತಿರ ಇರಬೇಕು. ಎರಡೂ ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆ. ಎರಡೂ ಒಣಗಿದ್ದರೆ ಮೈಯಲ್ಲಿ ನೀರು ಕಡಿಮೆ. ತುಟಿ ಚೆನ್ನಾಗಿದ್ದು ಸ್ಟೋಮಾ ಮಾತ್ರ ನೇರಳೆಯೋ ಕಪ್ಪೋ ಆದರೆ ಮನೆಯಲ್ಲಿ ಕೂರಬಾರದು, ಆವತ್ತೇ ಹುಬ್ಬಳ್ಳಿ.

ತಮ್ಮ ಇನ್ನೂ ಒಮ್ಮೆಯೂ ನೋಡಿಲ್ಲ. ಚೀಲ ತೆಗೆದಾಗ ಕಣ್ಣ ಮೇಲೆ ಟವೆಲ್ ಹಾಕಿಕೊಳ್ಳುತ್ತಾನೆ.

1 ಡಿಸೆಂಬರ್, ರವಿವಾರ

34 ಮಿ.ಮೀ. ಬಾವು ಇಳಿಯುತ್ತಿದೆ.

ಚೀಲದಲ್ಲಿ ಕಪ್ಪಗೆ ಬಂದದ್ದು ನೋಡಿ ಅವ್ವ ಕೂಗಿದಳು. ಒದ್ದೆ ಹತ್ತಿಯಿಂದ ಒರೆಸಿದೆ. ಅಡಿಯಲ್ಲಿ ಸ್ಟೋಮಾ ಚೊಕ್ಕ ಕೆಂಪು. ಕಪ್ಪು ಬಂದದ್ದು ರಕ್ತಕ್ಕೆ ಕೊಟ್ಟ ಕಬ್ಬಿಣದ ಗುಳಿಗೆಯಿಂದ. ಒರೆಸಿದ ಮೇಲೂ ಉಳಿಯುವ ಕಪ್ಪಿಗೆ ಮಾತ್ರ ಹೆದರಬೇಕು ಎಂದು ಅವ್ವನಿಗೆ ತೋರಿಸಿಕೊಟ್ಟೆ.

ಸಂಡಾಸಕ್ಕೆ ಹೋಗಬೇಕು ಅನಿಸಿ ಕೂತಾಗ ಕೆಳಗಿನಿಂದ ಲೋಳೆ ಬಂತೆಂದು ತಮ್ಮ ಗಾಬರಿಯಾದ. ಕೆಲಸವಿಲ್ಲದಿದ್ದರೂ ಕೆಳಗಿನ ಕರುಳು ತನ್ನ ಲೋಳೆ ಮಾಡುತ್ತಲೇ ಇರುತ್ತದೆ. ಅದು ರೋಗವಲ್ಲ.

7 ಡಿಸೆಂಬರ್, ಶನಿವಾರ

ರಾತ್ರಿ ಪ್ಲೇಟಿನ ಅಂಚಿನಿಂದ ಸೋರಿ ಅಂಗಿ, ಕೌದಿ ಎಲ್ಲ ಒದ್ದೆ. ತಮ್ಮ ಮೊದಲ ಬಾರಿ ನೋವು ಅಂದ. ಚರ್ಮ ಬಲಗಡೆ ಕೆಂಪಾಗಿ, ಮೇಲುಪದರ ಹೋಗಿ ನೀರಾಡುತ್ತಿತ್ತು. ಸ್ಟೋಮಾಕ್ಕೆ ಇಲ್ಲದ ನೋವು ಅದರ ಸುತ್ತಲಿನ ಚರ್ಮಕ್ಕೆ ಪೂರ್ತಿ ಇದೆ.

ಅಳೆದರೆ 30 ಮಿ.ಮೀ. ವಾರದೊಳಗೆ ಇಷ್ಟು ಚಿಕ್ಕದಾಗಿದೆ! ಮೊದಲ ಆರೆಂಟು ವಾರ ಇದು ಕುಗ್ಗುತ್ತಲೇ ಹೋಗುತ್ತದೆ, ಅದಕ್ಕೆ ಪ್ರತಿಸಲ ಅಳೆದೇ ಕತ್ತರಿಸಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒಣಗಿಸಿದೆ. ನೀರಾಡುವ ಜಾಗಕ್ಕೆ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಿನದು ಕೊಡವಿ, ಹೊಸ ಅಳತೆಯ ಪ್ಲೇಟು ಹಾಕಿದೆ. ಅವ್ವ ಕೊಬ್ಬರಿಎಣ್ಣೆ ಹಿಡಿದು ನಿಂತಿದ್ದಳು, ಪಕ್ಕದ ಮನೆಯವರು ಡೆಟಾಲ್ ತಂದಿದ್ದರು. ಎಣ್ಣೆ ಹಚ್ಚಿದರೆ ಪ್ಲೇಟು ಹಿಡಿಯುವುದಿಲ್ಲ, ಡೆಟಾಲ್ ಸುಟ್ಟ ಚರ್ಮವನ್ನು ಇನ್ನಷ್ಟು ಸುಡುತ್ತದೆ. ಇಬ್ಬರಿಗೂ ಕೈಮುಗಿದೆ.

ಚೀಲ ಮೂರನೇ ಒಂದು ಪಾಲು ತುಂಬಿದಾಗಲೇ ಖಾಲಿ ಮಾಡಬೇಕು, ಭಾರವಾದರೆ ಪ್ಲೇಟನ್ನು ಎಳೆಯುತ್ತದೆ. ರಾತ್ರಿ ಒಮ್ಮೆ ಏಳಲು ಅಲಾರಾಂ ಇಟ್ಟುಕೊಟ್ಟೆ.

13 ಡಿಸೆಂಬರ್, ಶುಕ್ರವಾರ

ಆಪರೇಷನ್ ಆದಂದಿನಿಂದ ತಮ್ಮ ಲಿಂಗಪೂಜೆ ಬಿಟ್ಟಿದ್ದಾನೆ. ಕರಡಿಗೆ ದೇವರ ಮಾಡದಲ್ಲಿದೆ. "ಮೈಮ್ಯಾಲೆ ಮಲಾ ಹೊತ್ಕೊಂಡು ಅಂಗೈಯಾಗ ಲಿಂಗಾ ಹ್ಯಾಂಗ ಹಿಡೀಲಿ ಅಕ್ಕಾ?" ಎಂದ. ಉಣ್ಣಲಿಕ್ಕೂ ಎಲ್ಲರ ಜೋಡಿ ಕೂರುತ್ತಿರಲಿಲ್ಲ.

ಇವತ್ತು ಮಠದ ಅಜ್ಜಾರು ತಾವೇ ನೋಡಲು ಬಂದರು. ಅವ್ವ ಸಂಕೋಚದಿಂದಲೇ ಕೇಳಿದಳು. ಅಜ್ಜಾರು ಬಹಳ ಹೊತ್ತು ಮಾತಾಡಲಿಲ್ಲ. ಲಿಂಗವಂತರಿಗೆ ಪಂಚಸೂತಕ ಇಲ್ಲ ಎಂದು ಶರಣರೇ ಹೇಳಿದ್ದಾರೆ. ಹೆರಿಗೆಗೆ, ಸಾವಿಗೆ, ಮುಟ್ಟಿಗೆ, ಎಂಜಲಿಗೆ, ಜಾತಿಗೆ ಇಲ್ಲದ ಸೂತಕ ಆಪರೇಷನ್ನಿಗೆ ಎಲ್ಲಿಂದ ಬಂತು? ಎಲ್ಲರ ಹೊಟ್ಟೆಯೊಳಗೂ ಇರುವುದು ಅದೇ ಅಲ್ಲವೇ? ಇಷ್ಟೇ ಕೇಳಿದರು. ಚೀಲ ಖಾಲಿ ಮಾಡಿ, ಜಳಕ ಮಾಡಿ, ಕೂರು ಅಂದರು. ಚೀಲದ ಸಮೇತ ಜಳಕ ಮಾಡಬಹುದು, ನೀರು ಸ್ಟೋಮಾಕ್ಕೆ ಏನೂ ಮಾಡುವುದಿಲ್ಲ ಎಂದು ನಾನೂ ಸೇರಿಸಿದೆ.

ಡಾಕ್ಟರ ಮಾತಿನಿಂದಾಗದ ಕೆಲಸ ಇದರಿಂದಾಯಿತು. ಸಂಜೆ ಒಲೆಯ ಮುಂದೆ ಎಲ್ಲರ ಜೋಡಿ ಉಂಡ.

20 ಡಿಸೆಂಬರ್, ಶುಕ್ರವಾರ

ಚೀಲ, ಪ್ಲೇಟು ಇಲ್ಲಿ ಸಿಗುವುದಿಲ್ಲ, ಹುಬ್ಬಳ್ಳಿಗೇ ಹೋಗಬೇಕು. ಪೊಟ್ಟಣದ ಮೇಲೆ ಕೋಲೋಪ್ಲಾಸ್ಟ್ ಎಂದಿತ್ತು, ಡೆನ್ಮಾರ್ಕಿನದು. ರಾತ್ರಿ ಆ ಕಂಪನಿಯ ಕತೆ ಓದುತ್ತ ಕೂತವಳಿಗೆ ಕಣ್ಣೀರು ಬಂತು. ಎಲಿಸೆ ಸೋರೆನ್ಸನ್ ಎಂಬ ನರ್ಸ್. ಆಕೆಯ ತಂಗಿ ಥೋರಾಗೆ ಸ್ಟೋಮಾ ಮಾಡಿದ್ದರು. ಎಲ್ಲಿ ಸೋರೀತೋ ಎಂದು ಥೋರಾ ಹೊರಗೆ ಬರುವುದನ್ನೇ ಬಿಟ್ಟಳು. ಆಗ ಇದ್ದವು ಲೋಹದ, ಬಟ್ಟೆಯ, ರಬ್ಬರಿನ ಸಾಧನಗಳು. ಒಮ್ಮೆ ಬಳಸಿ ಬಿಸಾಡುವ, ಚರ್ಮಕ್ಕೆ ಅಂಟುವ ಚೀಲ ಯಾಕಾಗಬಾರದು ಎಂದು 1954ರಲ್ಲಿ ಅಕ್ಕ ಯೋಚಿಸಿದಳು. ಪ್ಲಾಸ್ಟಿಕ್ ತಯಾರಕ ಓಗೆ ಲೂಯಿಸ್-ಹ್ಯಾನ್ಸನ್ ಮೊದಲು ಆಗದು ಎಂದರು. ಅವರ ಹೆಂಡತಿ ಯೋಹಾನೆ, ತಾನೂ ನರ್ಸ್, ಗಂಡನನ್ನು ಒಪ್ಪಿಸಿದಳು. ಕಂಪನಿ ಹುಟ್ಟಿದ್ದು 1957ರಲ್ಲಿ. ಅದಕ್ಕೂ ಮೊದಲು ಅಮೆರಿಕದಲ್ಲಿ ಚರ್ಮ ಕಾಪಾಡಲು ಬಳಸಿದ್ದು ಕರಾಯ ಗೋಂದಿನ ಪುಡಿ. ಅದು ನಮ್ಮ ದೇಶದ ಕಾಡಿನ ಮರದ ಅಂಟು. ಮುಂಬಯಿಯಲ್ಲಿ 1975ರಿಂದ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇದೆ ಎಂಬುದೂ ಇವತ್ತೇ ತಿಳಿದದ್ದು.

ತಮ್ಮನಿಗೆ ಥೋರಾಳ ಕತೆ ಹೇಳಿದೆ. "ಆಮ್ಯಾಲೆ ಹೊರಗ ಬಂದ್ಳೇನು?" ಅಂತ ಕೇಳಿದ.

30 ಡಿಸೆಂಬರ್, ಸೋಮವಾರ. ಎಳ್ಳಮವಾಸಿ

ಹೊಲಕ್ಕೆ ಹೋಗೇ ಹೋಗುತ್ತೇನೆ ಎಂದು ಹಟ ಹಿಡಿದ. ಟ್ರ್ಯಾಕ್ಟರ್ ಕುಲುಕುತ್ತದೆ ಎಂದು ಮೋಟರ್ ಸೈಕಲ್ ಮೇಲೆ ನಿಧಾನಕ್ಕೆ ಕರೆದೊಯ್ದರು. ಜೋಳ ಎದೆಮಟ್ಟ, ಕಡಲೆ ಕಾಯಿಕಟ್ಟಿದೆ. ಚರಗ ಚೆಲ್ಲಿದ್ದೂ ಅವನೇ.

ಬುತ್ತಿಯೇ ನನ್ನ ಚಿಂತೆಯಾಗಿತ್ತು. ಸಜ್ಜಿರೊಟ್ಟಿ, ಮಡಿಕಿಕಾಳು, ಶೇಂಗಾ ಹೋಳಿಗಿ, ಗುರೆಳ್ಳು ಹಿಂಡಿ, ಹೊಲದಲ್ಲಿ ಕಿತ್ತ ಹಸಿ ಕಡಲೆ. ನಮ್ಮ ಸೀಮೆಯ ರುಚಿಯೆಲ್ಲ ಕಾಳು, ಸಿಪ್ಪೆ, ಬೀಜದಲ್ಲಿದೆ. ಚರ್ಮದ ಮಟ್ಟದಲ್ಲಿ ಇಕ್ಕಟ್ಟಾಗಿರುವ ಸಣ್ಣ ಕರುಳಿನ ದಾರಿಗೆ ಸಿಕ್ಕಿಕೊಳ್ಳುವುದೂ ಇವೇ. ಅವನಿಗೆ ಬೇರೆ ಕಟ್ಟಿದ್ದೆವು: ಮೊಸರನ್ನ, ಜೋಳದ ಕಡುಬು, ಮೆತ್ತಗೆ ಬೆಂದ ಬದನೆಕಾಯಿ. ಹೋಳಿಗಿ ಒಂದು ಚೂರು, ಅಗಿದು ಅಗಿದು. ಚೀಲಕ್ಕೆ ಬರುವುದು ಪೂರ್ತಿ ನಿಂತು, ಹೊಟ್ಟೆ ಹಿಂಡಿ, ವಾಂತಿ ಆಗಿ, ಸ್ಟೋಮಾ ಬಾತುಕೊಂಡರೆ ದಾರಿ ಕಟ್ಟಿದೆ ಎಂದೇ ಅರ್ಥ. ಮನೆಯ ಎಲ್ಲರಿಗೂ ಇದನ್ನು ಹೇಳಿಟ್ಟಿದ್ದೇನೆ.

27 ಮಿ.ಮೀ.

2 ಜನವರಿ 2025, ಗುರುವಾರ

ಕಟ್ಟಲಿಲ್ಲ, ಹರಿಯಿತು. ನಿನ್ನೆಯಿಂದ ಚೀಲ ನಿಲ್ಲುತ್ತಲೇ ಇಲ್ಲ, ಬರೀ ನೀರು. ಜಗ್ಗಿನಲ್ಲಿ ಅಳೆದಿಟ್ಟೆ. ದಿನಕ್ಕೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಸಹಜ. ನಿನ್ನೆಯದು ಒಂದೂವರೆ ಲೀಟರ್ ದಾಟಿತು. ಸ್ಟೋಮಾ ಕೆಂಪೇ ಇದೆ, ಹೊಳಪು ಮಾತ್ರ ಕುಂದಿದೆ. ತುಟಿ ಒಣಗಿದೆ, ಮೂತ್ರ ಕಡು ಹಳದಿ. ನೀರಡಿಕೆ ಎಂದು ಅವನು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದ. ಡಾಕ್ಟರು ಫೋನಿನಲ್ಲಿ ಅದನ್ನೇ ತಡೆದರು. ಬರಿನೀರು ಕುಡಿದಷ್ಟೂ ಮೈಯ ಉಪ್ಪನ್ನು ಎಳೆದುಕೊಂಡು ಹೊರಗೆ ಹೋಗುತ್ತದೆ. ಓಆರ್‌ಎಸ್ ಪಾಕೀಟು ಒಂದು ಲೀಟರಿಗೆ ಒಂದು, ಗುಟುಕು ಗುಟುಕಾಗಿ, ಗಂಜಿಗೆ ಉಪ್ಪು, ಅವರು ಹೇಳಿದ ಗುಳಿಗೆ. ಸಂಜೆಯೊಳಗೆ ಹಿಡಿತಕ್ಕೆ ಬಾರದಿದ್ದರೆ ಕರೆತನ್ನಿ ಎಂದಿದ್ದರು. ಬಂತು.

ನೀರು ಕಾಯಿಸಿಯೇ ಕುಡಿಯುತ್ತಿದ್ದೇವೆ. ನವಿಲುತೀರ್ಥದಿಂದ ಕಾಲುವೆಯಲ್ಲಿ ಬರುವ ಮಲಪ್ರಭೆಯ ನೀರು ಕೆರೆಯಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಕೊಳವೆಬಾವಿ ಕೊರೆದರೆ ಸವಳು, ಹೀಗಾಗಿ ನಮಗೆ ಕೆರೆಯೇ ಗತಿ. ಟೈಫಾಯ್ಡಿನ ಬೇರು ನೀರು, ಕೈ, ಬಯಲು. ಸಾಲಿಯಲ್ಲಿ ನಾಳೆ ಇದನ್ನೇ ಪಾಠ ಮಾಡುತ್ತೇನೆ. ಕೈ ತೊಳೆಯುವ ಚಿತ್ರ ಗೋಡೆಗೆ ಅಂಟಿಸಿದರೆ ಸಾಲದು, ಮಕ್ಕಳ ಮನೆಯ ಕೊಡಕ್ಕೆ ಮುಚ್ಚಳ ಇದೆಯೇ ಎಂದು ಕೇಳಬೇಕು.

12 ಜನವರಿ, ರವಿವಾರ

ತಮ್ಮ ಕಲಘಟಗಿಗೆ ಹೋಗಿದ್ದಾನೆ. ಕೂಸಿಗೆ ತೊಟ್ಟಿಲ ಕಾರ್ಯ. ಅಲ್ಲಿಯ ಅರಗಿನ ಬಣ್ಣದ ತೊಟ್ಟಿಲು ಎಂದರೆ ಹೆಸರುವಾಸಿ. ಬೀಗರ ಮನೆಯಲ್ಲಿ ಅಜ್ಜಿಯ ಕಾಲದ್ದೊಂದು ಇದೆಯಂತೆ. ನನಗೆ ತರಬೇತಿ ಇತ್ತು, ಹೋಗಲಾಗಲಿಲ್ಲ. ಕತ್ತರಿಸಿಟ್ಟ ಪ್ಲೇಟು, ಚೀಲ, ಪೌಡರ್, ಹತ್ತಿ, ಹಳೇ ಪೇಪರ್ ಎಲ್ಲ ಕೈಚೀಲದಲ್ಲಿ ಹಾಕಿ ಕಳಿಸಿದ್ದೆ.

ಬೆಳಗ್ಗೆ ಎಂಟೂವರೆಗೆ ವಾಟ್ಸಾಪಿನಲ್ಲಿ ಫೋಟೊ ಬಂತು. ಕಿಟಕಿಯ ಬೆಳಕು, ಪಕ್ಕದಲ್ಲಿ ಅಳತೆ ಕಾರ್ಡು, ಸ್ಟೋಮಾ ಕೆಂಪು, ಸುತ್ತಲಿನ ಚರ್ಮ ಒಣಗಿ ಸ್ವಚ್ಛ. ಕೆಳಗೆ ಬರೆದಿದ್ದ: "26. ತುಟಿನೂ ನೋಡ್ಕೊಂಡೆ. ಬಣ್ಣ ಒಂದ ಐತಿ." ಕನ್ನಡಿ ಹಿಡಿದವಳು ಅವನ ಹೆಂಡತಿ.

ಕಣ್ಣ ಮೇಲೆ ಟವೆಲ್ ಹಾಕಿಕೊಂಡವನು ತಾನೇ ನೋಡಿಕೊಂಡಿದ್ದಾನೆ. ನಾನು ಎಷ್ಟೇ ನೋಡಿದರೂ ಅದು ದಿನಕ್ಕೊಮ್ಮೆಯ ನೋಟ. ಚೀಲ ಖಾಲಿ ಮಾಡುವಾಗಲೆಲ್ಲ ಕಣ್ಣಿಗೆ ಬೀಳುವುದು ಅವನಿಗೇ. ಸ್ಟೋಮಾ ಇದ್ದಕ್ಕಿದ್ದಂತೆ ಉದ್ದಕ್ಕೆ ಹೊರಬಂದರೂ, ಒಳಗೆ ಸೇದಿಕೊಂಡರೂ, ಪಕ್ಕದಲ್ಲಿ ಉಬ್ಬು ಎದ್ದರೂ ಮೊದಲು ಕಾಣಬೇಕಾದವನು ಅವನು. ಬಹಳ ಸಮಾಧಾನವಾಯಿತು.

27 ಜನವರಿ, ಸೋಮವಾರ. ಹುಬ್ಬಳ್ಳಿ

ಡಾಕ್ಟರು ಫೋಟೊಗಳನ್ನೆಲ್ಲ ಒಂದೊಂದಾಗಿ ಸರಿಸಿ ನೋಡಿದರು. ರಕ್ತ ಏರಿದೆ, ತೂಕ ಬಂದಿದೆ. ಮುಂದಿನ ವಾರ ಕೆಳಗಿನ ಬಾಯಿಯ ಮೂಲಕ ಔಷಧದ ನೀರು ಬಿಟ್ಟು ಎಕ್ಸ್‌ರೇ. ಒಳಗಿನ ಹೊಲಿಗೆ ಸೋರುತ್ತಿಲ್ಲ, ಮುಂದೆ ಎಲ್ಲೂ ಕಟ್ಟಿಲ್ಲ ಎಂದು ಖಾತ್ರಿಯಾದರೆ ಫೆಬ್ರುವರಿಯಲ್ಲೇ ಮುಚ್ಚುತ್ತಾರೆ. ಅಲ್ಲಿಯವರೆಗೆ ಸಾಕಾಗುವಷ್ಟು ಪ್ಲೇಟು ತಂದೆ.

ಮುಚ್ಚಿದ ಮೇಲೂ ಆ ಜಾಗದ ಸ್ನಾಯು ಕೆಲಕಾಲ ದುರ್ಬಲ, ಭಾರ ಎತ್ತಿದರೆ ಹರ್ನಿಯಾ ಆಗಬಹುದು ಎಂದರು. ಆ ಹೊತ್ತಿಗೆ ಸರಿಯಾಗಿ ಕಡಲೆ ಸುಗ್ಗಿ, ಹಿಂದೆಯೇ ಜೋಳ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಅದೇ ಲೆಕ್ಕ ಹಾಕುತ್ತ ಕೂತಿದ್ದ. ಕೀಳಲಿಕ್ಕೆ ಆಳು ನಾನು ಹೇಳುತ್ತೇನೆ, ರಾಶಿ ಮಾಡುವಾಗ ಬದುವಿನ ಮೇಲೆ ಕೂತು ಚೀಲ ಎಣಿಸು, ಒಂದನ್ನೂ ಎತ್ತಬೇಡ ಎಂದೆ. ಒಪ್ಪಿದ್ದಾನೆ. ನವಲಗುಂದದಲ್ಲಿ ಇಳಿದಾಗ ಆಳಿನವರಿಗೆ ತಾನೇ ಫೋನ್ ಹಚ್ಚಿದ.